ಕಟ್ಟಿಸಿದವರು, ಕಟ್ಟಿದವರು: ನೈಲ್ ನದಿಯಿಂದ ಫಲ್ಗುಣಿಯವರೆಗೆ

ಕನ್ನಡದಲ್ಲಿ ಒಂದು ಅಕ್ಷರ ಉಂಟು. ಅದು ‘ಸಿ’. ಕಟ್ಟಿದ ಎಂದರೆ ತನ್ನ ಕೈಯಿಂದ ಕಟ್ಟಿದ. ಕಟ್ಟಿಸಿದ ಎಂದರೆ ಇನ್ನೊಬ್ಬರ ಕೈಯಿಂದ ಕಟ್ಟಿಸಿದ. ಹೊತ್ತವರು ಸಾವಿರ ಜನ, ಹೊರಿಸಿದವನು ಒಬ್ಬ. ಈ ಒಂದು ಅಕ್ಷರದ ಅಡಿಯಲ್ಲಿ ನಮ್ಮ ಅಜ್ಜ, ಮುತ್ತಜ್ಜ, ಅವರ ಅಜ್ಜ ಎಲ್ಲರೂ ಹೂತುಹೋಗಿದ್ದಾರೆ. ಅವರನ್ನು ಮುಚ್ಚಿದ್ದೂ ಆ ಅಕ್ಷರವೇ, ಅವರು ಇದ್ದರು ಅಂತ ಸಾಕ್ಷಿ ಹೇಳುವುದೂ ಆ ಅಕ್ಷರವೇ. ಶಾಸನ ಬರೆದವನಿಗೆ ಇದು ಗೊತ್ತಿತ್ತು. ಆತ ‘ಮಾಡಿಸಿದನು’ ಅಂತಲೇ ಕೆತ್ತಿದ. ಕ್ಲಾಸಿನಲ್ಲಿ ಕೂತ ಮಕ್ಕಳಿಗೆ ಆ ಒಂದು ಅಕ್ಷರವೂ ಉಳಿದಿಲ್ಲ. ‘ಖುಫು ದೊರೆ ಪಿರಮಿಡ್ ಕಟ್ಟಿದ’ ಅಂತ ಬರೆದರೆ ಒಂದು ಮಾರ್ಕು. ‘ತಿಮ್ಮಣ್ಣ ಅಜಿಲ ವೇಣೂರಿನ ಗುಮ್ಮಟನನ್ನು ಕಡೆದ’ ಅಂತ ಬರೆದರೂ ಒಂದು ಮಾರ್ಕು. ದೊರೆ ಉಳಿ ಹಿಡಿದದ್ದು ಯಾವಾಗ ಮಾರಾಯ್ರೇ? ಕಲ್ಲು ಹೊತ್ತು ಅವನ ಹೆಗಲಿನ ಚರ್ಮ ಸುಲಿದದ್ದು ಯಾವಾಗ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ನಾವು ಈಜಿಪ್ಟಿನ ಸುದ್ದಿ ಯಾಕೆ ತೆಗೆಯಬೇಕು ಅಂತ ಗೆಳೆಯರು ಕೇಳಬಹುದು. ಕಾರಣ ಒಂದೇ. ಆ ದೇಶದಲ್ಲಿ ಕಟ್ಟಿಸಿದವನ ಗೋರಿಯನ್ನು ಮಾತ್ರ ಅಗೆಯದೆ, ಕಟ್ಟಿದವನ ಮನೆಯನ್ನೂ ಅಗೆದು ನೋಡಿದರು. ಅವನು ತಿಂದ ರೊಟ್ಟಿ, ಅವನ ಮುರಿದ ಮೂಳೆ, ಅವನು ಹಾಕಿದ ರಜೆ, ಅವನು ಮಾಡಿದ ಮುಷ್ಕರ ಎಲ್ಲ ಸಿಕ್ಕಿತು. ನಮ್ಮ ಊರಿನ ಕಲ್ಲುಗಳ ಮುಂದೆ ಅದೇ ಪ್ರಶ್ನೆ ಇಟ್ಟರೆ ಎಂತ ಸಿಗುತ್ತದೆ? ಅದನ್ನು ನೋಡಲಿಕ್ಕೆ ಈ ಬರಹ.

*

ಈಜಿಪ್ಟ್ ಎಂದರೆ ನೈಲ್ ನದಿ. ಅಲ್ಲಿ ಮಳೆ ಇಲ್ಲ ಅಂತಲೇ ಹೇಳಬೇಕು. ದಕ್ಷಿಣದ ಎತ್ತರದ ನಾಡುಗಳಲ್ಲಿ ಬಿದ್ದ ಮಳೆ ವರ್ಷಕ್ಕೊಮ್ಮೆ ನೆರೆಯಾಗಿ ಇಳಿದು, ಎರಡೂ ದಡದ ಮೇಲೆ ಕಪ್ಪು ಮಣ್ಣು ಹರಡಿ ಹೋಗುತ್ತಿತ್ತು. ಆ ಜನ ತಮ್ಮ ದೇಶವನ್ನು ಕರೆದದ್ದೇ ‘ಕಪ್ಪು ನೆಲ’ ಅಂತ. ಆ ನೆಲದಲ್ಲಿ ಗೋಧಿ ಬೆಳೆದರು, ಬಾರ್ಲಿ ಬೆಳೆದರು, ಅಗಸೆಯ ನಾರಿನಿಂದ ಬಟ್ಟೆ ನೇಯ್ದರು. ಕ್ರಿ.ಪೂ. 3100ರ ಸುಮಾರಿಗೆ ಇಡೀ ನದೀಕಣಿವೆ ಒಬ್ಬ ಅರಸನ ಕೈಗೆ ಬಂತು. ಅಲ್ಲಿಂದ ಸುಮಾರು ಮೂರು ಸಾವಿರ ವರ್ಷ ಫರೋಗಳ ಆಳ್ವಿಕೆ.

ರೈತ ಬೆಳೆದದ್ದು ಅರಸನ ಕಣಜಕ್ಕೆ, ದೇವಸ್ಥಾನದ ಕಣಜಕ್ಕೆ ಹೋಗುತ್ತಿತ್ತು. ಅಳೆದು ಬರೆದುಕೊಳ್ಳಲಿಕ್ಕೆ ಲಿಪಿಕಾರ ಇದ್ದ. ಅವನನ್ನು ನಮ್ಮ ಕಡೆಯ ಶ್ಯಾನುಭೋಗ ಅಂತ ತಿಳಿಯಿರಿ. ನೆರೆ ಬಂದು ಗದ್ದೆಗಳೆಲ್ಲ ನೀರಿನಡಿ ಇದ್ದ ತಿಂಗಳುಗಳಲ್ಲಿ ರೈತನಿಗೆ ಕೆಲಸ ಇಲ್ಲ. ಆಗ ಅರಸನ ಕೆಲಸಕ್ಕೆ ಕರೆ. ಬಿಟ್ಟಿ ಚಾಕರಿ. ತಪ್ಪಿಸಿಕೊಂಡು ಓಡಿದವನಿಗೆ ಶಿಕ್ಷೆ. ನಾಗರಿಕತೆಯ ತಳಪಾಯ ಇಲ್ಲಿ ಉಂಟು. ಬಂಗಾರದ ಮುಖವಾಡ, ಮಮ್ಮಿ, ಚಿತ್ರಲಿಪಿ ಎಲ್ಲ ಅದರ ಮೇಲೆ ಎದ್ದ ಉಪ್ಪರಿಗೆ.

ಸತ್ತ ಮೇಲೆ ಎಂತ ಅಂತ ಅವರಿಗೆ ದೊಡ್ಡ ಚಿಂತೆ. ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಸತ್ಯದ ದೇವತೆಯಾದ ಮಾತ್‌ಳ ಗರಿ ಇಟ್ಟು ತೂಗುತ್ತಾರೆ ಎಂದು ನಂಬಿದ್ದರು. ಕೇಳಲಿಕ್ಕೆ ಚಂದದ ಕಲ್ಪನೆ. ಆದರೆ ಗೋರಿಯೊಳಗೆ ಇನ್ನೊಂದು ವಸ್ತು ಇಡುತ್ತಿದ್ದರು, ಅದನ್ನು ನೋಡಿ. ಗೇಣುದ್ದದ ಗೊಂಬೆಗಳು. ಅವುಗಳ ಹೆಸರು ಉಶಬ್ತಿ. ಆಚೆ ಲೋಕದಲ್ಲೂ ಗದ್ದೆ ಉಂಟು, ಅಲ್ಲೂ ಉಳಬೇಕು, ನೀರು ಹಾಯಿಸಬೇಕು. ಸತ್ತ ಧಣಿಯ ಹೆಸರು ಕೂಗಿದಾಗ ಅವನ ಬದಲಿಗೆ ಈ ಗೊಂಬೆ ಎದ್ದು ‘ನಾನು ಬಂದೆ’ ಎನ್ನಬೇಕು. 1922ರಲ್ಲಿ ತೆರೆದ ತುತಂಖಾಮುನ್ ದೊರೆಯ ಗೋರಿಯಲ್ಲಿ ಇಂಥ 413 ಗೊಂಬೆಗಳು ಸಿಕ್ಕಿದವು. ದಿನಕ್ಕೊಂದರಂತೆ 365 ಆಳುಗಳು. ಹತ್ತು ಆಳಿಗೆ ಒಬ್ಬನಂತೆ 36 ಮೇಸ್ತ್ರಿಗಳು. ತಿಂಗಳಿಗೊಬ್ಬನಂತೆ ಇನ್ನೂ 12 ಮೇಲ್ವಿಚಾರಕರು. ನೋಡಿ ಗೆಳೆಯರೇ, ಸ್ವರ್ಗದಲ್ಲೂ ಧಣಿಗೆ ಆಳು ಬೇಕು. ಆಳಿನ ತಲೆಯ ಮೇಲೆ ಮೇಸ್ತ್ರಿ ಬೇಕು. ಶೋಷಣೆ ಮಾಡುವವನಿಗೆ ಶೋಷಣೆ ಇಲ್ಲದ ಸ್ವರ್ಗವನ್ನು ಕನಸಿನಲ್ಲೂ ಕಾಣಲಿಕ್ಕೆ ಆಗುವುದಿಲ್ಲ.

*

ಇನ್ನು ಪಿರಮಿಡ್ಡಿನ ವಿಷಯ. ಗಿಜಾದ ದೊಡ್ಡ ಪಿರಮಿಡ್ ನಿಂತದ್ದು ಕ್ರಿ.ಪೂ. 2560ರ ಸುಮಾರಿಗೆ. ಆಗ ಅದರ ಎತ್ತರ 146 ಮೀಟರ್. ಅದರಲ್ಲಿ ಸುಮಾರು 23 ಲಕ್ಷ ಕಲ್ಲುಗಳು ಉಂಟು ಅಂತ ಅಂದಾಜು. ಎರಡು ಸಾವಿರ ವರ್ಷ ಕಳೆದು ಅಲ್ಲಿಗೆ ಹೋದ ಗ್ರೀಕ್ ದೇಶದ ಹೆರೊಡೋಟಸ್, ಒಂದು ಲಕ್ಷ ಜನ ಸರದಿಯ ಮೇಲೆ ಇಪ್ಪತ್ತು ವರ್ಷ ದುಡಿದರು ಅಂತ ಬರೆದ. ಅಲ್ಲಿಂದ ಮುಂದೆ ಸಿನೆಮಾದವರು ಬೆನ್ನಿಗೆ ಚಾಟಿ ಬೀಳುವ ಗುಲಾಮರ ಹಿಂಡನ್ನು ತೋರಿಸಿದರು. ದೊರೆಗೆ ಹೆಸರು, ಹಿಂಡಿಗೆ ಚಾಟಿ. ಹಿಂಡಿನಲ್ಲಿ ಒಬ್ಬನಿಗೂ ಮುಖ ಇಲ್ಲ.

1990ರಲ್ಲಿ ಗಿಜಾದ ಹತ್ತಿರ ಒಂದು ಕುದುರೆ ಎಡವಿತು. ಎಡವಿದ್ದು ಹಳೆಯ ಮಣ್ಣಿಟ್ಟಿಗೆಯ ಗೋಡೆಗೆ. ಅಗೆದರೆ ಸಿಕ್ಕಿದ್ದು ಪಿರಮಿಡ್ ಕಟ್ಟಿದ ಕೆಲಸಗಾರರ ಗೋರಿಗಳು. ಜಾಹಿ ಹವಾಸ್ ಆ ಗೋರಿಗಳನ್ನು ಅಗೆದರು. ಮಾರ್ಕ್ ಲೇನರ್ ಪಕ್ಕದಲ್ಲೇ ಕೆಲಸಗಾರರ ಊರನ್ನು ಅಗೆದರು. ರೊಟ್ಟಿ ಬೇಯಿಸುವ ದೊಡ್ಡ ಬಟ್ಟಿಗಳು ಸಿಕ್ಕಿದವು. ದನ, ಕುರಿ, ಆಡಿನ ಮೂಳೆ ಸಿಕ್ಕಿತು. ಅಸ್ಥಿಪಂಜರಗಳ ಬೆನ್ನುಮೂಳೆ ಭಾರ ಹೊತ್ತು ಸವೆದಿತ್ತು. ಮುರಿದ ಕೈಕಾಲಿನ ಮೂಳೆಗಳನ್ನು ಸರಿಯಾಗಿ ಕಟ್ಟಿ ಕೂಡಿಸಿದ ಗುರುತೂ ಇತ್ತು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ. ಕೆಲಸಗಾರರು ತಮ್ಮ ತಂಡಗಳಿಗೆ ಹೆಸರಿಟ್ಟುಕೊಂಡು ಕಲ್ಲಿನ ಮೇಲೆ ಗೀಚಿದ್ದರು. ಒಂದು ತಂಡ ‘ಖುಫುವಿನ ಗೆಳೆಯರು’. ಇನ್ನೊಂದು ‘ಮೆಂಕೌರೆಯ ಕುಡುಕರು’. ದೊರೆಯ ಹೆಸರಿನ ಪಕ್ಕದಲ್ಲಿ ತಮ್ಮ ತಮಾಷೆಯನ್ನೂ ಬರೆದಿಟ್ಟ ಜನ ಅವರು. ಮುಖ ಇಲ್ಲದ ಹಿಂಡಲ್ಲ.

2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ ಪಿಯರ್ ತಾಲೆ ಅವರ ತಂಡಕ್ಕೆ ಪಪೈರಸ್ ಹಾಳೆಗಳ ರಾಶಿ ಸಿಕ್ಕಿತು. ಬರಹ ಇರುವ ಪಪೈರಸ್‌ಗಳಲ್ಲಿ ಅದಕ್ಕಿಂತ ಹಳೆಯದು ಇದುವರೆಗೆ ಸಿಕ್ಕಿಲ್ಲ. ಅದರಲ್ಲಿ ಮೇರರ್ ಎಂಬ ಮೇಸ್ತ್ರಿಯ ದಿನಚರಿ ಉಂಟು. ಖುಫುವಿನ ಕಾಲದವನು. ನಲವತ್ತರಷ್ಟು ಜನರನ್ನು ಕಟ್ಟಿಕೊಂಡು ತುರಾ ಎಂಬಲ್ಲಿಂದ ಸುಣ್ಣಕಲ್ಲು ತುಂಬಿದ ದೋಣಿಯನ್ನು ನದಿಯಲ್ಲಿ ಗಿಜಾಕ್ಕೆ ಸಾಗಿಸುವುದು ಅವನ ಕೆಲಸ. ಇವತ್ತು ಕಲ್ಲು ತುಂಬಿದೆವು, ಇವತ್ತು ದೋಣಿ ಹೊರಟಿತು, ಇವತ್ತು ಇಲ್ಲಿ ತಂಗಿದೆವು. ಅಷ್ಟೇ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಒಬ್ಬ ಮೇಸ್ತ್ರಿಯ ಹಾಜರಿ ಪುಸ್ತಕ. ಅವತ್ತಿನ ಯಾವ ಸ್ತೋತ್ರಕ್ಕಿಂತಲೂ ಇದು ನನಗೆ ದೊಡ್ಡದು.

ಇನ್ನೂ ಸಾವಿರ ವರ್ಷ ಮುಂದೆ ಬಂದರೆ ದೇರ್ ಅಲ್-ಮದೀನಾ ಎಂಬ ಊರು. ಅರಸರ ಗೋರಿಗಳನ್ನು ಕೊರೆದು ಬಣ್ಣ ಬಳಿಯುವ ಕೆಲಸಗಾರರು ಹೆಂಡತಿ ಮಕ್ಕಳೊಂದಿಗೆ ಇಲ್ಲಿ ವಾಸವಿದ್ದರು. ಅವರಲ್ಲಿ ಹಲವರಿಗೆ ಓದು ಬರಹ ಬರುತ್ತಿತ್ತು. ಪಪೈರಸ್ ದುಬಾರಿ, ಹಾಗಾಗಿ ಒಡೆದ ಮಡಕೆಯ ಚೂರು, ಸುಣ್ಣಕಲ್ಲಿನ ಚಕ್ಕೆ ಸಿಕ್ಕಿದ್ದರ ಮೇಲೆ ಬರೆದರು. ಎರಡನೇ ರಾಮ್ಸೆಸ್‌ನ 40ನೇ ವರ್ಷದ ಒಂದು ಚಕ್ಕೆಯಲ್ಲಿ ನಲವತ್ತು ಜನ ಕೆಲಸಗಾರರ ಗೈರುಹಾಜರಿಯ ಪಟ್ಟಿ ಉಂಟು. ಒಬ್ಬನಿಗೆ ಚೇಳು ಕಚ್ಚಿದೆ. ಒಬ್ಬನಿಗೆ ಕಣ್ಣುನೋವು. ಒಬ್ಬ ಮನೆಯಲ್ಲಿ ಬಿಯರ್ ಮಾಡುತ್ತಿದ್ದಾನೆ. ಒಬ್ಬನ ಮನೆಯಲ್ಲಿ ಸಾವು. ಮನೆಯ ಹೆಂಗಸಿನ ಮುಟ್ಟಿನ ಕಾರಣಕ್ಕೂ ಗಂಡಸು ರಜೆ ಹಾಕಿದ್ದುಂಟು. ಸಂಬಳದ ಲೆಕ್ಕವೂ ಉಂಟು: ಒಬ್ಬ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ.

ಆ ಚೀಲ ಬಾರದೆ ಹೋದಾಗ ಎಂತ ಆಯಿತು? ಮೂರನೇ ರಾಮ್ಸೆಸ್‌ನ 29ನೇ ವರ್ಷ, ಕ್ರಿ.ಪೂ. 1157ರ ಸುಮಾರಿಗೆ, ತಿಂಗಳು ಅರ್ಧ ಕಳೆದರೂ ಧಾನ್ಯ ಬರಲಿಲ್ಲ. ಕೆಲಸಗಾರರು ಉಳಿ ಕೆಳಗಿಟ್ಟು, ಐದು ಕಾವಲು ಗೋಡೆ ದಾಟಿ ಹೊರಗೆ ಬಂದು, ಒಂದು ದೇವಸ್ಥಾನದ ಹಿಂದೆ ಕೂತುಬಿಟ್ಟರು. ಹಸಿವು, ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ. ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನು ಇಲ್ಲ, ತರಕಾರಿ ಇಲ್ಲ. ಇದನ್ನು ಫರೋನಿಗೆ ತಿಳಿಸಿ ಅಂದರು. ಮರುದಿನ ಇನ್ನೊಂದು ದೇವಸ್ಥಾನಕ್ಕೆ ಹೋಗಿ ಕೂತರು. ಕೊನೆಗೆ ಧಾನ್ಯ ಬಂತು. ಮುಂದೆ ಮತ್ತೆ ತಪ್ಪಿದಾಗ ಮತ್ತೆ ಕೂತರು. ಲಿಪಿಕಾರ ಇದನ್ನೆಲ್ಲ ಬರೆದಿಟ್ಟ. ಆ ಪಪೈರಸ್ ಈಗ ಇಟಲಿಯ ತೂರಿನ್ ಊರಿನ ಮ್ಯೂಸಿಯಮ್ಮಿನಲ್ಲಿ ಉಂಟು. ಜಗತ್ತಿನಲ್ಲಿ ಬರಹಕ್ಕೆ ಬಂದ ಮೊದಲ ಮುಷ್ಕರ ಅಂತ ಅದನ್ನು ಕರೆಯುತ್ತಾರೆ. ಮುಷ್ಕರ ಅನ್ನುವುದು ಹೊರದೇಶದಿಂದ ಮೊನ್ನೆ ಬಂದ ರೋಗ ಎನ್ನುವ ಧಣಿಗಳಿಗೆ ಈ ಇಸವಿಯನ್ನು ಹೇಳಬೇಕು.

*

ಹಾಗಂತ ಈಜಿಪ್ಟನ್ನು ಸ್ವರ್ಗ ಮಾಡುವುದು ಬೇಡ. ಅಲ್ಲಿ ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಗುಲಾಮರಾಗಿ ದೇವಸ್ಥಾನಗಳಿಗೆ ದಾನ ಕೊಟ್ಟರು. ಕೈಕೆಲಸದ ಮೇಲೆ ತಾತ್ಸಾರವೂ ಇತ್ತು. ದುವಾ-ಖೇತಿ ಎಂಬ ಅಪ್ಪ ತನ್ನ ಮಗನನ್ನು ದೋಣಿಯಲ್ಲಿ ಲಿಪಿಕಾರರ ಶಾಲೆಗೆ ಕರೆದುಕೊಂಡು ಹೋಗುತ್ತಾ ಹೇಳುವ ಉಪದೇಶ ಒಂದುಂಟು. ಕಮ್ಮಾರ, ಕುಂಬಾರ, ಅಗಸ, ನೇಕಾರ, ರೈತ ಎಲ್ಲರನ್ನೂ ಒಬ್ಬೊಬ್ಬರಾಗಿ ಹೀಯಾಳಿಸಿ, ಲಿಪಿಕಾರನ ಕೆಲಸ ಒಂದೇ ಉತ್ತಮ ಎಂದು ಮುಗಿಸುತ್ತಾನೆ. ಇದನ್ನು ಶಾಲೆಯ ಮಕ್ಕಳಿಂದ ಕಾಪಿ ಬರೆಸುತ್ತಿದ್ದರು. ಅಂಥ ಕಾಪಿಗಳು ಸಿಕ್ಕಿದ್ದು ಎಲ್ಲಿ ಗೊತ್ತುಂಟಾ? ಅದೇ ದೇರ್ ಅಲ್-ಮದೀನಾದಲ್ಲಿ. ಕಲ್ಲು ಕಡೆಯುವವನ ಮಗ, ಕಲ್ಲು ಕಡೆಯುವವನನ್ನು ಹೀಯಾಳಿಸುವ ಪಾಠವನ್ನು ಕಲ್ಲಿನ ಚಕ್ಕೆಯ ಮೇಲೆ ಬರೆದು ಕಲಿತ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಹಿಡಿದ ನನ್ನಂಥವರಿಗೆ ಈ ಅಪ್ಪ ಗುರುತಿನವನೇ. ‘ನನ್ನ ಹಾಗೆ ಆಗಬೇಡ ಮಗಾ’ ಅಂತ ಎಲ್ಲ ಅಪ್ಪಂದಿರೂ ಹೇಳುತ್ತಾರೆ. ಅಪ್ಪ ಹೇಳಿದ್ದು ನೋವಿನಿಂದ. ಶಾಲೆ ಅದನ್ನು ಹೇಸಿಗೆಯಾಗಿ ತಿರುಗಿಸಿ ನಮಗೆ ಕಲಿಸುತ್ತದೆ. ಆ ಎರಡರ ನಡುವಿನ ಗೆರೆ ನಮಗೆ ಕಾಣಬೇಕು.

ಮೈಲಿಗೆಯೂ ಇತ್ತು. ಹಂದಿ ಕಾಯುವವರು ಈಜಿಪ್ಟಿನವರೇ ಆದರೂ ಅವರಿಗೆ ಮಾತ್ರ ಯಾವ ದೇವಸ್ಥಾನದೊಳಗೂ ಪ್ರವೇಶ ಇಲ್ಲ, ಅವರಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಅವರಿಂದ ತರುವುದಿಲ್ಲ ಎಂದು ಹೆರೊಡೋಟಸ್ ಬರೆದಿದ್ದಾನೆ. ಓದುವಾಗ ಮೈ ಜುಂ ಎನ್ನುತ್ತದೆ ಅಲ್ವಾ? ಡಿಯೊಡೋರಸ್ ಎಂಬ ಇನ್ನೊಬ್ಬ ಬರೆದದ್ದು ಇನ್ನೂ ವಿಚಿತ್ರ. ಮಮ್ಮಿ ಮಾಡಲು ಹೆಣದ ಹೊಟ್ಟೆ ಸೀಳಲೇಬೇಕು. ಸೀಳುವವನೊಬ್ಬನನ್ನು ಕರೆಯುತ್ತಾರೆ. ಅವನು ಸೀಳಿದ ಕೂಡಲೇ, ಕರೆದವರೇ ಅವನಿಗೆ ಕಲ್ಲು ಹೊಡೆದು, ಶಾಪ ಹಾಕಿ ಅಟ್ಟುತ್ತಾರೆ. ಕೆಲಸ ಬೇಕು, ಕೆಲಸ ಮಾಡಿದವನು ಬೇಡ.

ಇದನ್ನು ತಿಳಿಯಲು ನಾವು ಕೈರೋಕ್ಕೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಕೊರಗರ ಮೇಲೆ ಹೇರಿದ ಅಜಲು ಪದ್ಧತಿ ಎಂತದ್ದು? ಮೇಲಿನವರ ಪೀಡೆ, ಕಂಟಕ ಎಲ್ಲ ಕೊರಗರ ಮೈಮೇಲೆ ಹೋಗಲಿ ಅಂತ ಅನ್ನದಲ್ಲಿ ಕೂದಲು, ಉಗುರು ಕಲಸಿ ತಿನ್ನಿಸುವುದು. ಜಾತ್ರೆಗೆ ಅವರ ಡೋಲು ಬೇಕು, ಅಂಗಳದೊಳಗೆ ಅವರು ಬೇಡ. ಇದನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಡಿಯೊಡೋರಸ್ ಬರೆದು ಎರಡು ಸಾವಿರ ವರ್ಷ ಆದ ಮೇಲೆ.

*

ಈಗ ನಮ್ಮ ಕಲ್ಲುಗಳ ಹತ್ತಿರ ಬರೋಣ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಒಂದು ಕಂಬದಂತೆ ಇನ್ನೊಂದು ಕಂಬ ಇಲ್ಲ ಅಂತ ಊರವರ ಹೆಮ್ಮೆ. ಅದೇ ಊರಿನ ಕೊಡಂಗಲ್ಲಿನಲ್ಲಿ ಜೈನ ಗುರುಗಳ ಸಮಾಧಿಗಳಿವೆ. ಮುರಕಲ್ಲಿನ ಮೆಟ್ಟಿಲು ಮೆಟ್ಟಿಲಾಗಿ, ಮೇಲೆ ಹೋದ ಹಾಗೆ ಕಿರಿದಾಗುತ್ತಾ, ಮೂರೋ ಐದೋ ಏಳೋ ಅಂತಸ್ತು. ದೂರದಿಂದ ನೋಡಿದರೆ ಈಜಿಪ್ಟಿನ ಮೊದಲ ಮೆಟ್ಟಿಲು ಪಿರಮಿಡ್ಡಿನ ನೆನಪಾಗುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲ. ಸತ್ತ ದೊಡ್ಡವರನ್ನು ನೆಲದಿಂದ ಎತ್ತರಕ್ಕೆ ಏರಿಸುವ ಆಸೆ ಮಾತ್ರ ಎರಡು ಕಡೆಯೂ ಒಂದೇ. ಇನ್ನು ವೇಣೂರು. ಫಲ್ಗುಣಿ ಹೊಳೆಯ ದಡದಲ್ಲಿ 35 ಅಡಿಯ ಏಕಶಿಲೆಯ ಬಾಹುಬಲಿ, 1604ರಲ್ಲಿ ನಿಲ್ಲಿಸಿದ್ದು. ಶಾಸನದಲ್ಲಿ ತಿಮ್ಮರಾಜ ಅಜಿಲನ ಹೆಸರುಂಟು, ಬೆಳಗೊಳದ ಗುರು ಚಾರುಕೀರ್ತಿಯ ಹೆಸರುಂಟು. ಉಳಿ ಹಿಡಿದವನ ಹೆಸರಿಲ್ಲ. ಹೊಯ್ಸಳರ ಗುಡಿಗಳಲ್ಲಾದರೂ ದಾಸೋಜ, ಮಲ್ಲಿತಮ್ಮ ಅಂತ ಶಿಲ್ಪಿಗಳ ರುಜು ಸಿಗುತ್ತದೆ. ಕಲ್ಲು ಎಬ್ಬಿಸಿದವರ, ಎಳೆದವರ, ಅವರಿಗೆ ಗಂಜಿ ಹೊತ್ತು ತಂದ ಹೆಂಗಸರ ರುಜು ಅಲ್ಲಿಯೂ ಇಲ್ಲ. ಇರುವೆಗೂ ನೋವಾಗಬಾರದು ಎಂದ ಧರ್ಮದ ಕಲ್ಲುಗಳು ಇವು. ಈ ಕಲ್ಲಿನಡಿ ನಜ್ಜಾದ ಬೆರಳುಗಳ ಲೆಕ್ಕ ಯಾರಿಟ್ಟರು?

ನಮ್ಮ ಆಳುಗಳ ಅನ್ನದ ಲೆಕ್ಕ ಬರೆದಿಟ್ಟವನು ಒಬ್ಬ ಪರದೇಶಿ. ಟಿಪ್ಪು ಬಿದ್ದ ಮೇಲೆ ಕಂಪೆನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರನನ್ನು ಈ ಸೀಮೆಗೆ ಕಳಿಸಿತು. ಎಷ್ಟು ತೆರಿಗೆ ಹಿಂಡಬಹುದು ಅಂತ ತಿಳಿಯುವುದು ಕಂಪೆನಿಯ ಲೆಕ್ಕಾಚಾರ. 1801ರಲ್ಲಿ ಆತ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಯ ದಾರಿಯಲ್ಲೇ ಹೋದ. ತುಳುನಾಡಿನ ಬೇಸಾಯದಲ್ಲಿ ಎರಡು ಬಗೆಯ ದುಡಿಮೆಗಾರರು ಇದ್ದಾರೆಂದು ಬರೆದ. ಒಬ್ಬ ಕೂಲಿಯಾಳು. ಇನ್ನೊಬ್ಬ ಮೂಲದಾಳು, ಎಂದರೆ ಕೊಂಡ ಆಳು. ಕೂಲಿಯಾಳಿಗೆ ದಿನಕ್ಕೆ ಎರಡು ಹಾನೆ ಅಕ್ಕಿ. ಮೂಲದಾಳಿಗೆ ಒಂದೂವರೆ. ಮೂಲದಾಳಿನ ಹೆಂಗಸಿಗೆ ಒಂದೇ ಹಾನೆ. ಗಂಡಾಳಿಗೆ ವರ್ಷಕ್ಕೆ ಎರಡು ರೂಪಾಯಿ ನಗದು ಉಂಟು, ಹೆಂಗಸಿಗೆ ಬಟ್ಟೆ ಮಾತ್ರ. ಒಳ್ಳೆಯ ಆಳಿನ ಕ್ರಯ ಹತ್ತು ವರಹ.

ಹತ್ತು ವರಹ! ಆ ಆಳಿಗೆ ಹೆಸರಿರಲಿಲ್ಲವಾ? ಅವನ ತಾಯಿ ಅವನನ್ನು ಏನಂತ ಕರೆಯುತ್ತಿದ್ದಳು? ಬುಕಾನನ್ ಕ್ರಯ ಬರೆದ, ಹೆಸರು ಬರೆಯಲಿಲ್ಲ. ಅದೇ 1801ರಲ್ಲಿ, ಅತ್ತ ಈಜಿಪ್ಟಿನಲ್ಲಿ, ಸೋತ ಫ್ರೆಂಚರ ಕೈಯಿಂದ ಅದೇ ಇಂಗ್ಲಿಷರು ರೋಸೆಟ್ಟಾ ಕಲ್ಲನ್ನು ಕಸಿದುಕೊಂಡರು. ಆ ಕಲ್ಲಿನ ಬಲದಿಂದ 1822ರಲ್ಲಿ ಶಾಂಪೊಲಿಯೋನ್ ಚಿತ್ರಲಿಪಿಯನ್ನು ಓದಿದ. ಈಜಿಪ್ಟಿನ ಸತ್ತ ಕೆಲಸಗಾರನಿಗೆ ಬಾಯಿ ಬಂತು. ತುಳುನಾಡಿನ ಬದುಕಿದ ಆಳಿಗೆ ಬಾಯಿ ಬರಲಿಲ್ಲ. 1843ರ ಕಾಯಿದೆ ಗುಲಾಮಗಿರಿಗೆ ಕೋರ್ಟಿನಲ್ಲಿದ್ದ ಮಾನ್ಯತೆಯನ್ನು ತೆಗೆಯಿತು. ಆದರೆ ಧಣಿಯ ಅಂಗಳದಲ್ಲಿ ಮೂಲದಾಳು ಮೂಲದಾಳಾಗಿಯೇ ಉಳಿದ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಹಿಡಿದ ಒಕ್ಕಲಿಗೆ ಗದ್ದೆ ಬಂತು. ಗೇಣಿಚೀಟು ಇಲ್ಲದ, ಒಕ್ಕಲಿಗೂ ಆಳಾಗಿದ್ದವನಿಗೆ ಬಂದದ್ದು ಹೆಚ್ಚೆಂದರೆ ಗುಡಿಸಲಿನ ಅಡಿಯ ತುಂಡು ಜಾಗ.

ಇಲ್ಲೊಂದು ವಿಚಿತ್ರ ಉಂಟು. ನಮ್ಮ ಕರಾವಳಿಯ ಒಬ್ಬ ಆಳಿನ ಹೆಸರು ಉಳಿದದ್ದು ಈಜಿಪ್ಟಿನಲ್ಲಿ. ಫರೋಗಳ ಕಾಲದಲ್ಲಿ ಅಲ್ಲ, 12ನೇ ಶತಮಾನದಲ್ಲಿ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ 1132ರಿಂದ 1149ರವರೆಗೆ ಮಂಗಳೂರಿನ ಸೀಮೆಯಲ್ಲಿದ್ದು ಮೆಣಸಿನ ವ್ಯಾಪಾರ ಮಾಡುತ್ತಿದ್ದ. ಅವನಿಗೊಬ್ಬ ಗುಲಾಮ ಇದ್ದ. ಧಣಿಯ ಸರಕು ಹಿಡಿದು ಏಡನ್ನಿಗೆ ಹೋಗಿ ಬರುತ್ತಿದ್ದವನು. ಅಲ್ಲಿನ ವ್ಯಾಪಾರಿಗಳು ಕಾಗದದ ಕೊನೆಯಲ್ಲಿ ಅವನಿಗೂ ನಮಸ್ಕಾರ ತಿಳಿಸುತ್ತಿದ್ದರು. ಆ ಕಾಗದಗಳೆಲ್ಲ ಕೈರೋದ ಒಂದು ಸಿನಗಾಗಿನ ರದ್ದಿ ಕೋಣೆಯಲ್ಲಿ, ಗೆನಿಜಾದಲ್ಲಿ, ಉಳಿದುಕೊಂಡವು. ಮೂರು ಅಕ್ಷರದ ಆ ಹೆಸರು ‘ಬೊಮ್ಮ’ ಅಂತ ಓದಬೇಕು, ಅವನು ತುಳುವನು ಅಂತ ಅಮಿತಾವ್ ಘೋಷ್ 1992ರಲ್ಲಿ ವಾದಿಸಿದರು. ನಮ್ಮ ಬೊಮ್ಮನ ಹೆಸರು ನಮ್ಮ ಒಂದು ಕಲ್ಲಿನಲ್ಲೂ ಇಲ್ಲ, ಪರದೇಶದ ರದ್ದಿಯಲ್ಲಿ ಉಂಟು!

*

ಈಜಿಪ್ಟಿನ ಒಣ ಮರಳು ಹರಿದ ಕಾಗದವನ್ನೂ ಕಾಪಾಡಿತು. ನಮ್ಮದು ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು. ಇಲ್ಲಿ ಸೋಗೆಯ ಗುಡಿಸಲು ಒಂದು ಮಳೆಗಾಲ ಕಳೆದರೆ ಸೋರುತ್ತದೆ. ತಾಳೆಗರಿ ಉಳಿಯಬೇಕಾದರೆ ಮಠ ಬೇಕು, ಪೆಟ್ಟಿಗೆ ಬೇಕು, ಎಣ್ಣೆ ಹಚ್ಚುವ ಕೈ ಬೇಕು. ಮೂಡುಬಿದಿರೆಯ ಧವಲಾ ಗ್ರಂಥಗಳು ಉಳಿದದ್ದು ಹಾಗೆ. ಅಕ್ಷರವನ್ನೇ ಮುಟ್ಟಗೊಡದ ಜನರಿಗೆ ಆ ಪೆಟ್ಟಿಗೆ ಎಲ್ಲಿಂದ ಬರಬೇಕು? ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದೇ 19ನೇ ಶತಮಾನದ ಕೊನೆಗೆ. ಹಾಗಾಗಿ ಈ ನಾಡಿನಲ್ಲಿ ಧಣಿಯ ಚರಿತ್ರೆ ಕಲ್ಲಿನಲ್ಲಿ ಉಳಿಯಿತು. ಆಳಿನ ಚರಿತ್ರೆ ಗಂಟಲಿನಲ್ಲಿ ಉಳಿಯಿತು. ಅದರ ಹೆಸರು ಪಾಡ್ದನ. ನೇಜಿ ನೆಡುವ ಹೆಂಗಸರ ಬಾಯಲ್ಲಿ ಅದೇ ಸಂಧಿ.

ಕಲ್ಕುಡ ಕಲ್ಲುರ್ಟಿಯ ಪಾಡ್ದನ ಗೊತ್ತಿಲ್ಲದವರು ನಮ್ಮ ಮೂರು ತಾಲೂಕಿನಲ್ಲಿ ಕಡಿಮೆ. ಬಂಟ್ವಾಳದ ಪಣೋಲಿಬೈಲಿನಲ್ಲಿ ಕಲ್ಲುರ್ಟಿಯ ದೊಡ್ಡ ಸ್ಥಾನವೇ ಉಂಟು. ಊರಿಂದೂರಿಗೆ ಪಾಠ ಬೇರೆಯಾದರೂ ತಿರುಳು ಒಂದೇ. ಶಂಭು ಕಲ್ಕುಡನ ಮಗ ಬೀರ ಕಲ್ಕುಡ ಕಲ್ಲು ಕೆಲಸದಲ್ಲಿ ಅಪ್ಪನನ್ನೂ ಮೀರಿಸಿದವನು. ಕಾರ್ಕಳದ ಭೈರರಸನಿಗೆ ಗುಮ್ಮಟನನ್ನು ಕಡೆದು ಕೊಟ್ಟ. ಇಂಥದ್ದು ಇನ್ನೊಂದು ಊರಲ್ಲಿ ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಉಳಿದ ಒಂದು ಕೈ ಒಂದು ಕಾಲಿನಲ್ಲಿ ವೇಣೂರಿಗೆ ಬಂದು ಅಜಿಲರಿಗೆ ಇನ್ನೊಂದು ಗುಮ್ಮಟನನ್ನು ಕಡೆದ. ಅಣ್ಣನನ್ನು ಹುಡುಕಿಕೊಂಡು ತಂಗಿ ಬಂದಳು. ಅವನ ಗತಿ ನೋಡಿದಳು. ಇಬ್ಬರೂ ಮಾಯವಾಗಿ ದೈವಗಳಾದರು. ಕಾರ್ಕಳಕ್ಕೆ ಬೆಂಕಿ ಬಿತ್ತು. ಅರಸ ಕೈ ಮುಗಿದು ಸ್ಥಾನ ಕಟ್ಟಿಸಿಕೊಡಬೇಕಾಯಿತು.

ಚರಿತ್ರೆ ಓದಿದ ಪಂಡಿತರು ಇಲ್ಲಿ ನಗಬಹುದು. ಕಾರ್ಕಳದ ಗುಮ್ಮಟ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಒಬ್ಬ ಮನುಷ್ಯ ಎರಡನ್ನೂ ಕಡೆಯುವುದು ಹೇಗೆ ಸ್ವಾಮಿ? ಸರಿಯಾದ ಪ್ರಶ್ನೆ. ಪಾಡ್ದನ ಇಸವಿಯ ಪುಸ್ತಕ ಅಲ್ಲ. ಅದು ಭೈರರಸನ ಮೇಲೆ ಹಾಕುವ ಪೋಲೀಸ್ ಕೇಸೂ ಅಲ್ಲ. ಆದರೆ ಇನ್ನೊಂದು ಪ್ರಶ್ನೆಯನ್ನು ನಾವು ಕೇಳಬೇಕು. ಎರಡು ಊರಿನ, ಎರಡು ಶತಮಾನದ, ಎರಡು ವಂಶದ ಕಲ್ಲುಗಳನ್ನು ಪಾಡ್ದನ ಯಾಕೆ ಒಬ್ಬನೇ ಮನುಷ್ಯನ ಕೈಗೆ ಕೊಟ್ಟಿತು? ಶಾಸನದ ಲೆಕ್ಕದಲ್ಲಿ ವೀರಪಾಂಡ್ಯ ಬೇರೆ, ಅಜಿಲ ಬೇರೆ. ದುಡಿದವನ ಲೆಕ್ಕದಲ್ಲಿ ಕಟ್ಟಿಸಿದವರು ಬದಲಾದರೂ ಕಟ್ಟಿದವನು ಅವನೇ. ತಲೆಮಾರು ತಲೆಮಾರಾಗಿ ಕಡೆದ ನೂರಾರು ಕೈಗಳನ್ನು ಜನ ಒಂದು ಹೆಸರಲ್ಲಿ ಕೂಡಿಸಿದರು. ಶಾಸನ ಬಿಟ್ಟ ಹೆಸರನ್ನು ಪಾಡ್ದನ ತುಂಬಿತು. ಅಪ್ಪನ ಹೆಸರು ಹೇಳಿತು, ತಂಗಿಯ ಹೆಸರು ಹೇಳಿತು, ಯಾವ ಕೈ, ಯಾವ ಕಾಲು ಅಂತ ಕೂಡಾ ಹೇಳಿತು. ಇದಕ್ಕಿಂತ ಖಚಿತವಾದ ಸಾಕ್ಷಿ ಯಾವ ಕೋರ್ಟಿಗೆ ಬೇಕು?

ಗಿಜಾದಲ್ಲಿ ಪಿರಮಿಡ್ ಕಟ್ಟುವವನ ಮುರಿದ ಕೈಯನ್ನು ಕಟ್ಟಿ ಕೂಡಿಸಿದರು. ನಾಳೆ ಮತ್ತೆ ಕಲ್ಲು ಎಳೆಯಬೇಕಲ್ಲ, ಅದಕ್ಕೆ. ನಮ್ಮ ಪಾಡ್ದನದ ಅರಸ ಇಡೀ ಇದ್ದ ಕೈಯನ್ನು ಕಡಿಸಿದ. ನಾಳೆ ಇನ್ನೊಬ್ಬನಿಗೆ ಕಲ್ಲು ಕಡೆಯಬಾರದಲ್ಲ, ಅದಕ್ಕೆ. ಎರಡೂ ಕಡೆ ಕೈ ದುಡಿದವನದು, ಲೆಕ್ಕ ಧಣಿಯದು. ತೂರಿನ್ನಿನ ಪಪೈರಸ್ಸಿನಲ್ಲಿ ಕೆಲಸಗಾರರು ಒಟ್ಟಾಗಿ ಕೂತರು. ಕಲ್ಕುಡನಿಗೆ ಒಟ್ಟಿಗೆ ಕೂರಲಿಕ್ಕೆ ಯಾರಿದ್ದರು? ಒಬ್ಬಳು ತಂಗಿ. ಆ ಒಬ್ಬಳ ಸಿಟ್ಟಿಗೆ ಊರೇ ಹೊತ್ತಿತು.

ಈ ಪಾಡ್ದನವನ್ನು ಕಾಪಾಡಿದವರು ಯಾರು? ಕೋಲದಲ್ಲಿ ಅಣಿ ಕಟ್ಟುವ ನಲಿಕೆಯವರು, ಪರವರು, ಪಂಬದರು. ಗದ್ದೆಯಲ್ಲಿ ನೇಜಿ ನೆಟ್ಟ ನಮ್ಮ ಅಮ್ಮಂದಿರು, ಅಜ್ಜಿಯಂದಿರು. ನಮ್ಮ ತೂರಿನ್ ಪಪೈರಸ್ ಇವರ ನಾಲಗೆಯ ಮೇಲೆ ಉಂಟು. ಆದರೆ ಒಂದು ಮಾತನ್ನು ನೇರವಾಗಿ ಹೇಳಬೇಕು. ಕೋಲದ ರಾತ್ರಿ ಕಲ್ಕುಡನ ಮುಂದೆ ಗುತ್ತಿನ ಧಣಿ ಕೈ ಮುಗಿದು ನಿಲ್ಲುತ್ತಾನೆ. ಬೆಳಿಗ್ಗೆ ಕಟ್ಟಿದವನು ಬಣ್ಣ ತೊಳೆಯುತ್ತಾನೆ. ಬಣ್ಣ ಹೋಗುತ್ತದೆ, ಜಾತಿ ಹೋಗುವುದಿಲ್ಲ. ನಿನ್ನೆ ನುಡಿ ಕೊಟ್ಟ ಬಾಯಿ ಇವತ್ತು ಅಂಗಳದ ತುದಿಯಲ್ಲಿ ನಿಂತು ಕೇಳಬೇಕು. ಸಿಟ್ಟನ್ನು ದೈವ ಮಾಡಿ ವರ್ಷಕ್ಕೊಂದು ರಾತ್ರಿ ಹೂವು ಹಾಕಿದರೆ ಉಳಿದ 364 ದಿನ ಧಣಿಗೆ ನಿಶ್ಚಿಂತೆ. ಕೈ ಮುಗಿಯುವುದು ಅವರವರ ನಂಬಿಕೆ. ಆದರೆ ಕಡಿದ ಕೈಯ ಲೆಕ್ಕವನ್ನು ಕೇಳುವುದು ಚರಿತ್ರೆಯ ಕೆಲಸ. ಮುಗಿದ ಕೈಯಿಂದ ಆ ಲೆಕ್ಕ ಬರೆಯಲಿಕ್ಕೆ ಆಗುವುದಿಲ್ಲ.

*

ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಿಗೆ, ಕಾಲೇಜಿನಲ್ಲಿರುವ ತಮ್ಮ ತಂಗಿಯರಿಗೆ ಎರಡು ಮಾತು.

ಮುಂದಿನ ಬಾರಿ ಮಕ್ಕಳನ್ನು ಮೂಡುಬಿದಿರೆಗೋ ವೇಣೂರಿಗೋ ಕರೆದುಕೊಂಡು ಹೋದಾಗ ಕಂಬ ಎಣಿಸಲು ಹೇಳಬೇಡಿ. ಒಂದು ಕಂಬದ ತೂಕ ಎಷ್ಟಿರಬಹುದು, ಯಾವ ಕೋರೆಯಿಂದ ಬಂತು, ಎಷ್ಟು ಜನ ಎಳೆದಿರಬಹುದು, ಅವರಿಗೆ ಊಟ ಯಾರು ಹಾಕಿದರು ಅಂತ ಕೇಳಿ. ಉತ್ತರ ಹುಡುಕುವ ಮಕ್ಕಳೇ ನಾಳೆ ಚರಿತ್ರೆ ಬರೆಯುವವರು. ಪರೀಕ್ಷೆಯಲ್ಲಿ ‘ಕಟ್ಟಿದ’ ಅಂತ ಬರೆದ ಉತ್ತರಕ್ಕೆ ‘ಸಿ’ ಸೇರಿಸಿ ತಿದ್ದಿ. ಆ ಒಂದು ಅಕ್ಷರದಿಂದ ಪಾಠ ಶುರುವಾಗಲಿ.

ಇನ್ನೊಂದು, ಇದು ಅವಸರದ ಕೆಲಸ. ಗದ್ದೆಗಳು ಅಡಿಕೆ ತೋಟ, ರಬ್ಬರ್ ತೋಟ ಆಗಿವೆ. ನೇಜಿ ನೆಡುವುದು ನಿಂತಲ್ಲಿ ಸಂಧಿಯೂ ನಿಂತಿದೆ. ಹಾಡು ಗೊತ್ತಿದ್ದ ಅಜ್ಜಿಯಂದಿರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಮ್ಮ ಕೈಯಲ್ಲೀಗ ಅಕ್ಷರ ಉಂಟು, ದನಿ ಹಿಡಿಯುವ ಯಂತ್ರ ಪ್ರತಿಯೊಬ್ಬರ ಕಿಸೆಯಲ್ಲಿ ಉಂಟು. ಅಜ್ಜಿಯ ಹತ್ತಿರ ಕೂತು ಹಾಡು ಹಿಡಿಯಿರಿ. ಹಾಡಿನ ಕೊನೆಗೆ ಹಾಡಿದವಳ ಹೆಸರು, ಊರು, ಆಕೆ ಯಾರ ಗದ್ದೆಯಲ್ಲಿ ಎಷ್ಟು ವರ್ಷ ದುಡಿದಳು, ದಿನಕ್ಕೆಷ್ಟು ಅಕ್ಕಿ ಸಿಗುತ್ತಿತ್ತು ಎಂಬುದನ್ನು ತಪ್ಪದೆ ಬರೆಯಿರಿ. ಬುಕಾನನ್ ಅಕ್ಕಿಯ ಅಳತೆ ಬರೆದು ಹೆಸರು ಬಿಟ್ಟ. ನಾವು ಎರಡನ್ನೂ ಬರೆಯೋಣ.

ಮೇರರ್ ಎಂಬ ಮೇಸ್ತ್ರಿ ಬರೆದಿಟ್ಟ ನಾಲ್ಕು ಸಾಲಿಗಾಗಿ ಜಗತ್ತು ನಾಲ್ಕೂವರೆ ಸಾವಿರ ವರ್ಷ ಕಾಯಬೇಕಾಯಿತು. ನಮ್ಮ ಅಜ್ಜಿಗೆ ಅಷ್ಟು ಸಮಯ ಇಲ್ಲ.